ಹೆಲ್ಪರ್ ಫಂಕ್ಷನ್ ಈಗ ಯಾವ ಸಾಲಿನಲ್ಲಿದೆ? ಆರ್‌ನಲ್ಲಿ ಮ್ಯಾಟ್ರಿಕ್ಸ್ ಲೆಕ್ಕ ತಪ್ಪಿದಾಗ ದೋಷ ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಸ್ಕ್ರಿಪ್ಟ್ ಕೊನೆವರೆಗೂ ಓಡುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಟೇಬಲ್ ಕೂಡ ಅಚ್ಚುಕಟ್ಟಾಗಿ ಬರುತ್ತದೆ. ಆದರೆ ಸೇಡಂ ಮಳೆ ಶಹಾಬಾದ್ ಸಾಲಿನಲ್ಲಿ ಕೂತಿರುತ್ತದೆ. ಇಲ್ಲವೇ ಜುಲೈ ಮಳೆಯಿಂದ ಜೂನ್ ಸರಾಸರಿ ಕಳೆದಿರುತ್ತದೆ.

ಕಲಬುರಗಿ ಜಿಲ್ಲೆಯ ತಾಲೂಕುವಾರು ಮಳೆ, ತೊಗರಿ ಬಿತ್ತನೆ, ಇಳುವರಿ ಲೆಕ್ಕವನ್ನು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರರ್ ಬಂದರೆ ಪುಣ್ಯ, ಅದು ಎಲ್ಲಿ ನಿಂತಿತು ಅಂತಾದರೂ ಗೊತ್ತಾಗುತ್ತದೆ. ಸದ್ದಿಲ್ಲದೆ ಬರುವ ತಪ್ಪು ಉತ್ತರವೇ ಅಪಾಯ. ನಮ್ಮ ರಾಜ್ಯದಲ್ಲಿ ಬರ ಘೋಷಣೆ ಆಗುವುದು ತಾಲೂಕು ಲೆಕ್ಕದಲ್ಲಿ. ಒಂದು ತಾಲೂಕಿನ ಮಳೆ ಕೊರತೆ ಇನ್ನೊಂದರ ಹೆಸರಿಗೆ ಹೋದರೆ ಅದು ಬರೀ ಕಂಪ್ಯೂಟರ್ ದೋಷವಾಗಿ ಉಳಿಯುವುದಿಲ್ಲ.

ಮೊದಲು ಒಂದು ಮಾತು. ಫಂಕ್ಷನ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ. ನಮ್ಮ ಮ್ಯಾಟ್ರಿಕ್ಸ್ ಹೆಸರು ಎಂ. ಸಾಲಿಗೊಂದು ತಾಲೂಕು, ಕಾಲಂಗೊಂದು ತಿಂಗಳು.

ಹೆಲ್ಪರ್ ಅಂದರೆ ದೊಡ್ಡ ಲೆಕ್ಕದೊಳಗೆ ಕರೆಯುವ ಚಿಕ್ಕ ಫಂಕ್ಷನ್. ಸಂದರ್ಭ ನೋಡುವ ಹೆಲ್ಪರ್ ಅಂದರೆ ಏನು? ಸಾಮಾನ್ಯ ಫಂಕ್ಷನ್ ನಾವು ಕೊಟ್ಟ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಇದು ಹಾಗಲ್ಲ. ತಾನೀಗ ಯಾವ ಸಾಲು, ಯಾವ ಕಾಲಂ, ಯಾವ ಗುಂಪಿನಲ್ಲಿ ಇದ್ದೇನೆ ಅಂತ ತಾನೇ ತಿಳಿದುಕೊಂಡು ಉತ್ತರ ಕೊಡುತ್ತದೆ. ಆರ್‌ಗೆ ಸೇರಿಸಿಕೊಳ್ಳುವ ಡಿಪ್ಲೈಆರ್ ಎಂಬ ಪ್ಯಾಕೇಜಿನ ಎನ್(), ಕರ್_ಗ್ರೂಪ್(), ಕರ್_ಕಾಲಂ() ಈ ಬಗೆಯವು. ಮ್ಯಾಟ್ರಿಕ್ಸ್‌ಸೆಟ್ ಪ್ಯಾಕೇಜಿನಲ್ಲಿ ಕರೆಂಟ್_ರೋ_ನೇಮ್(), ಕರೆಂಟ್_ಎನ್_ರೋ() ಇವೆ. ನಾವೇ ಬರೆದುಕೊಳ್ಳುವ ‘ಹಿಂದಿನ ತಿಂಗಳ ಮಳೆ’, ‘ಜಿಲ್ಲೆಯಲ್ಲಿ ಈ ತಾಲೂಕಿನ ಪಾಲು’ ಕೂಡ ಇದೇ ಗುಂಪಿಗೆ ಸೇರುತ್ತವೆ.

ಇವುಗಳಲ್ಲಿ ಸೂತ್ರ ತಪ್ಪಿರುವುದು ಕಡಿಮೆ. ‘ನಾನು ಎಲ್ಲಿದ್ದೇನೆ’ ಎಂಬ ಲೆಕ್ಕ ತಪ್ಪಿರುವುದೇ ಜಾಸ್ತಿ. ಆದ್ದರಿಂದ ಸೂತ್ರ ಕೆದಕುವ ಮುಂಚೆ ಹೆಲ್ಪರ್‌ನ ವಿಳಾಸ ಕೇಳಬೇಕು.

ವಿಳಾಸ ಹೇಳುವ ಮ್ಯಾಟ್ರಿಕ್ಸ್

ನಿಜವಾದ ಮಳೆ ಅಂಕಿ ಇಟ್ಟುಕೊಂಡು ದೋಷ ಹುಡುಕಬೇಡಿ. 87.4 ಅಂತ ಕಂಡರೆ ಅದು ಯಾವ ತಾಲೂಕಿನದು ಅಂತ ನೋಡಿದೊಡನೆ ಹೇಳಲು ಆಗುವುದಿಲ್ಲ, ಅಲ್ವಾ? ಅದರ ಬದಲು ಪ್ರತಿ ಕೋಶದಲ್ಲಿ ಅದರ ವಿಳಾಸವನ್ನೇ ತುಂಬಿ. ಸಾಲಿನ ಸಂಖ್ಯೆಯನ್ನು 100ರಿಂದ ಗುಣಿಸಿ, ತಿಂಗಳ ಸಂಖ್ಯೆ ಕೂಡಿಸಿ. 406 ಅಂದರೆ ನಾಲ್ಕನೇ ತಾಲೂಕು, ಜೂನ್. ಆರ್‌ನಲ್ಲಿ ಇದು ಒಂದೇ ಸಾಲಿನ ಕೆಲಸ:

ಎಂ <- ಔಟರ್(100 * 1:11, 1:12, "+")

ಕಲಬುರಗಿ ಜಿಲ್ಲೆಯಲ್ಲಿ ಈಗ 11 ತಾಲೂಕು. ವರ್ಣಮಾಲೆ ಪ್ರಕಾರ ಬರೆದರೆ ಅಫಜಲಪುರ, ಆಳಂದ, ಕಮಲಾಪುರ, ಕಲಬುರಗಿ, ಕಾಳಗಿ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಯಡ್ರಾಮಿ, ಶಹಾಬಾದ್, ಸೇಡಂ. ಈ ಹೆಸರುಗಳನ್ನು ರೋನೇಮ್ಸ್() ಮೂಲಕ ಹಚ್ಚಿ, ತಿಂಗಳುಗಳನ್ನು ಕಾಲ್‌ನೇಮ್ಸ್() ಮೂಲಕ ಹಚ್ಚಿ. ಇನ್ನು ನಿಮ್ಮ ಹೆಲ್ಪರ್ ಅನ್ನು ಇದರ ಮೇಲೆ ಓಡಿಸಿ. ಉತ್ತರದಲ್ಲಿ ಬಂದ ಸಂಖ್ಯೆಯೇ ತಾನು ಎಲ್ಲಿಂದ ಬಂದೆ ಅಂತ ಹೇಳುತ್ತದೆ. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ.

ತಿಂಗಳ ಸರಾಸರಿ ಕಳೆಯುವಾಗ

ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ. ಯಾಕಂದರೆ ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ.

ಪ್ರತಿ ತಾಲೂಕಿನ ಮಳೆ ಆ ತಿಂಗಳ ಜಿಲ್ಲಾ ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ನೋಡಬೇಕು. ಕಾಲ್‌ಮೀನ್ಸ್() ಪ್ರತಿ ಕಾಲಂನ ಸರಾಸರಿ ಕೊಡುತ್ತದೆ, ಆದ್ದರಿಂದ ಸಹಜವಾಗಿ ಬರೆಯುವುದು ಹೀಗೆ: ಎಂ - ಕಾಲ್‌ಮೀನ್ಸ್(ಎಂ). ನೋಡಲು ಸರಿಯಾಗೇ ಇದೆ. ಆದರೆ ಆರ್ ಮ್ಯಾಟ್ರಿಕ್ಸ್ ಅನ್ನು ಕಾಲಂ ಪ್ರಕಾರ ಒಂದರ ಕೆಳಗೊಂದು ಇಡುತ್ತದೆ. ಮೊದಲು ಜನವರಿಯ 11 ತಾಲೂಕು, ಆಮೇಲೆ ಫೆಬ್ರವರಿಯ 11, ಹೀಗೆ. ಕಳೆಯುವಾಗಲೂ ಅದೇ ದಾರಿಯಲ್ಲಿ ಕೆಳಗೆ ಇಳಿಯುತ್ತಾ ಹೋಗುತ್ತದೆ. 12 ಸರಾಸರಿ ಮುಗಿದ ಮೇಲೆ ಮತ್ತೆ ಮೊದಲನೆಯದರಿಂದ ಶುರು. ಅಂದರೆ ಅಫಜಲಪುರದ ಜನವರಿಯಿಂದ ಜನವರಿ ಸರಾಸರಿ ಕಳೆಯಿತು, ಸರಿ. ಆಳಂದದ ಜನವರಿಯಿಂದ ಫೆಬ್ರವರಿ ಸರಾಸರಿ ಕಳೆಯಿತು. ಕಮಲಾಪುರದ ಜನವರಿಯಿಂದ ಮಾರ್ಚ್ ಸರಾಸರಿ.

ವಿಳಾಸದ ಮ್ಯಾಟ್ರಿಕ್ಸ್ ಮೇಲೆ ಇದು ಹೇಗೆ ಕಾಣುತ್ತದೆ ನೋಡಿ. ಜನವರಿ ಸರಾಸರಿ 601, ಫೆಬ್ರವರಿ 602, ಹೀಗೆ ಡಿಸೆಂಬರ್ 612. ಲೆಕ್ಕ ಸರಿ ಇದ್ದರೆ ಅಫಜಲಪುರದ ಸಾಲಿನುದ್ದಕ್ಕೂ -500, ಆಳಂದಕ್ಕೆ -400, ಚಿಂಚೋಳಿಗೆ ಸೊನ್ನೆ, ಸೇಡಂಗೆ 500 ಬರಬೇಕು. ತಪ್ಪಿದ್ದರೆ ಮೊದಲ ಕೋಶ -500 ಬರುತ್ತದೆ, ಅದು ಸರಿ! ಅದೊಂದನ್ನೇ ನೋಡಿ ಪೇಜು ಮುಚ್ಚಿದರೆ ಮೋಸ ಹೋದಿರಿ. ಅದರ ಕೆಳಗೆ -401, ಚಿಂಚೋಳಿಗೆ -5, ಸೇಡಂಗೆ 490. ಫೆಬ್ರವರಿ ಕಾಲಂನ ಮೊದಲ ಕೋಶದಲ್ಲಿ -510, ಯಾಕಂದರೆ ಅಲ್ಲಿಗೆ ಡಿಸೆಂಬರ್ ಸರಾಸರಿ ಬಂದು ಬಿದ್ದಿದೆ.

ಆರ್ ಯಾಕೆ ಎಚ್ಚರಿಸಲಿಲ್ಲ? ಉದ್ದ ಸರಿಯಾಗಿ ಭಾಗಿಸಿ ಹೋಗದಿದ್ದಾಗ ಮಾತ್ರ ಅದು ವಾರ್ನಿಂಗ್ ಕೊಡುತ್ತದೆ. ಒಟ್ಟು ಕೋಶಗಳ ಸಂಖ್ಯೆ ಸಾಲು ಗುಣಿಲೆ ಕಾಲಂ. ಅದು ಕಾಲಂ ಸಂಖ್ಯೆಯಿಂದ ಯಾವಾಗಲೂ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗಾಗಿ ಈ ತಪ್ಪಿಗೆ ಯಾವತ್ತೂ ವಾರ್ನಿಂಗ್ ಬರುವುದೇ ಇಲ್ಲ. ನೀವು ಎಷ್ಟೇ ಕಾದರೂ ಬರುವುದಿಲ್ಲ. ಪ್ರತಿ ಸಾಲನ್ನು ಅದರ ಮೊತ್ತದಿಂದ ಭಾಗಿಸುವ ಎಂ / ರೋಸಮ್ಸ್(ಎಂ) ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ, ಅದು ಕೆಳಗಿಳಿಯುವ ದಾರಿಗೆ ಹೊಂದುತ್ತದೆ ಅಂತ. ಅದನ್ನು ನೋಡಿ ಕಾಲಂಗೂ ಹಾಗೇ ಬರೆಯುವುದೇ ತೊಂದರೆಯ ಮೂಲ.

ಪರಿಹಾರ ಸ್ವೀಪ್(). ಸ್ವೀಪ್(ಎಂ, 2, ಕಾಲ್‌ಮೀನ್ಸ್(ಎಂ)) ಅಂತ ಬರೆದರೆ 2 ಅಂದರೆ ಕಾಲಂ ಅಂತ ಬಾಯಿಬಿಟ್ಟು ಹೇಳಿದ ಹಾಗೆ. ಏನೂ ಹೇಳದಿದ್ದರೆ ಅದು ಕಳೆಯುತ್ತದೆ. ಭಾಗಿಸಬೇಕಾದರೆ ಕೊನೆಗೆ "/" ಕೊಡಿ. ಅಳತೆ ಹೊಂದದಿದ್ದರೆ ಇದು ವಾರ್ನಿಂಗ್ ಕೂಡ ಕೊಡುತ್ತದೆ. ಪ್ರತಿ ಸಾಲಿನಲ್ಲಿ ತಿಂಗಳುಗಳ ಪಾಲು ತೆಗೆಯುವುದಷ್ಟೇ ಕೆಲಸವಾದರೆ ಪ್ರಾಪ್.ಟೇಬಲ್(ಎಂ, 1) ಸಾಕು.

12 ಸಾಲು, 12 ತಿಂಗಳು

ಈಗ ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ಇಕ್ಕಟ್ಟು. 11 ತಾಲೂಕಿನ ಕೆಳಗೆ ‘ಜಿಲ್ಲೆ ಒಟ್ಟು’ ಅಂತ ಇನ್ನೊಂದು ಸಾಲು ಹಾಕುವುದು ರೂಢಿ. ಹಾಕಿದ ಕೂಡಲೇ ಮ್ಯಾಟ್ರಿಕ್ಸ್ 12×12 ಆಗುತ್ತದೆ. ಚೌಕ ಮ್ಯಾಟ್ರಿಕ್ಸ್‌ನಲ್ಲಿ ಸಾಲು, ಕಾಲಂ ಅದಲು ಬದಲಾದರೂ ಅಳತೆ ಬದಲಾಗುವುದಿಲ್ಲ. ಸ್ವೀಪ್() ಕೊಡುವ ವಾರ್ನಿಂಗ್ ಕೂಡ ಅಳತೆ ನೋಡಿ ಕೊಡುವುದು, ಆದ್ದರಿಂದ 1 ಬರೆಯಬೇಕಾದಲ್ಲಿ 2 ಬರೆದರೆ ಅದೂ ಸುಮ್ಮನಿರುತ್ತದೆ.

ಅಪ್ಲೈ() ಇಲ್ಲಿ ಹೆಚ್ಚು ಕಾಡುತ್ತದೆ. ಅಪ್ಲೈ(ಎಂ, 1, ...) ಅಂತ ಸಾಲುವಾರು ಓಡಿಸಿದಾಗ, ನಿಮ್ಮ ಫಂಕ್ಷನ್ ಪ್ರತಿ ಸಾಲಿಗೆ ಒಂದೇ ಸಂಖ್ಯೆ ಕೊಟ್ಟರೆ ತೊಂದರೆ ಇಲ್ಲ. 12 ಸಂಖ್ಯೆ ಕೊಟ್ಟರೆ ಆ ಉತ್ತರಗಳನ್ನು ಅಪ್ಲೈ() ಕಾಲಂ ಆಗಿ ಜೋಡಿಸುತ್ತದೆ. ಅಂದರೆ ತಾಲೂಕುಗಳು ಕಾಲಂ ಆಗುತ್ತವೆ, ತಿಂಗಳುಗಳು ಸಾಲು ಆಗುತ್ತವೆ. 11×12 ಇದ್ದಾಗ 12×11 ವಾಪಸ್ ಬರುತ್ತದೆ, ಮುಂದಿನ ಕೂಡಿಸುವಿಕೆಯಲ್ಲಿ ಎರರ್ ಬಂದು ನಿಲ್ಲುತ್ತದೆ. 12×12 ಇದ್ದಾಗ ಏನೂ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಬಂದದ್ದನ್ನೇ ಹಾಗೇ ವಾಪಸ್ ಕೊಡುವ ಫಂಕ್ಷನ್ ಹಾಕಿ ಓಡಿಸಿ, ನಾಲ್ಕನೇ ಸಾಲು ಆರನೇ ಕಾಲಂ ನೋಡಿ. 406 ಇರಬೇಕು. 604 ಇದ್ದರೆ ತಿರುಗಿದೆ. ಟಿ() ಹಚ್ಚಿ ನೆಟ್ಟಗೆ ಮಾಡಿ.

ನನ್ನ ಸಲಹೆ ಕೇಳಿದರೆ ಒಟ್ಟು ಸಾಲನ್ನು ಲೆಕ್ಕದ ಮ್ಯಾಟ್ರಿಕ್ಸ್‌ಗೆ ಸೇರಿಸಲೇಬೇಡಿ. ಅಚ್ಚು ಹಾಕುವಾಗ ಆರ್‌ಬೈಂಡ್() ಮಾಡಿ ಸೇರಿಸಿ. ಸೇರಿಸಿದ್ದರೆ ಸರಾಸರಿ ಕೂಡ ಹಾಳು, ಒಟ್ಟು ಮಳೆಯೂ ಒಂದು ತಾಲೂಕಿನ ಹಾಗೆ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕಾಟವೂ ಇದೆ. ಆ ಸಾಲಿಗೆ ‘ಕಲಬುರಗಿ’ ಅಂತ ಹೆಸರಿಟ್ಟರೆ ತಾಲೂಕಿಗೂ ಅದೇ ಹೆಸರು, ಜಿಲ್ಲೆಗೂ ಅದೇ ಹೆಸರು. ಮ್ಯಾಟ್ರಿಕ್ಸ್‌ನಲ್ಲಿ ಒಂದೇ ಹೆಸರು ಎರಡು ಸಾಲಿಗೆ ಇದ್ದರೂ ಆರ್ ಬೇಡ ಅನ್ನುವುದಿಲ್ಲ; ಎಂ["ಕಲಬುರಗಿ", ] ಅಂತ ಕೇಳಿದರೆ ಮೊದಲು ಸಿಕ್ಕ ಸಾಲನ್ನು ಕೊಟ್ಟು ಸುಮ್ಮನಾಗುತ್ತದೆ. ಬೀದರ್, ಯಾದಗಿರಿಯವರಿಗೂ ಇದೇ ಪಾಡು. ಎನಿಡೂಪ್ಲಿಕೇಟೆಡ್(ರೋನೇಮ್ಸ್(ಎಂ)) ಸೊನ್ನೆ ಕೊಡಬೇಕು.

ಗುಂಪಿನಲ್ಲಿ ಒಂದೇ ತಾಲೂಕು ಉಳಿದಾಗ

‘ಈ ತಿಂಗಳು 100 ಮಿ.ಮೀ. ದಾಟಿದ ತಾಲೂಕುಗಳು’ ಅಂತ ಆರಿಸಿ ಲೆಕ್ಕ ಮಾಡುವ ಹೆಲ್ಪರ್ ಜುಲೈಗೆ ಚೆನ್ನಾಗಿ ಓಡುತ್ತದೆ, ಏಪ್ರಿಲ್‌ಗೆ ಬಿದ್ದುಹೋಗುತ್ತದೆ. ಒಂದೇ ಸಾಲು ಆರಿಸಿದರೆ ಆರ್ ಅದನ್ನು ಮ್ಯಾಟ್ರಿಕ್ಸ್ ಆಗಿ ಇಡದೆ ಬರೀ ವೆಕ್ಟರ್ (ಸಾಲು, ಕಾಲಂ ಇಲ್ಲದ ಉದ್ದನೆಯ ಪಟ್ಟಿ) ಮಾಡಿಬಿಡುತ್ತದೆ. ರೋಸಮ್ಸ್() ಆಗ ಕನಿಷ್ಠ ಎರಡು ಡೈಮೆನ್ಷನ್ ಬೇಕು ಅಂತ ಎರರ್ ಕೊಡುತ್ತದೆ. ಎಂ[ಆಯ್ಕೆ, , ಡ್ರಾಪ್ = ಫಾಲ್ಸ್] ಅಂತ ಬರೆಯಿರಿ. ನಡುವೆ ಖಾಲಿ ಬಿಟ್ಟ ಆ ಕಾಮಾ ಮರೆಯಬೇಡಿ.

ಜನವರಿಯಲ್ಲಿ ಯಾವ ತಾಲೂಕೂ ದಾಟದೆ ಸೊನ್ನೆ ಸಾಲು ಉಳಿಯಬಹುದು. ಆಗ 1:ಎನ್‌ರೋ(ಎಂ) ಅಂತ ಲೂಪ್ ಹಾಕಿದ್ದರೆ ಅದು 1, 0 ಅಂತ ಎರಡು ಸಲ ಓಡುತ್ತದೆ. ಸೀಕ್_ಲೆನ್(ಎನ್‌ರೋ(ಎಂ)) ಹಾಕಿದರೆ ಒಂದು ಸಲವೂ ಓಡುವುದಿಲ್ಲ, ನಮಗೆ ಬೇಕಾದ್ದೂ ಅದೇ.

ಹಿಂದಿನ ತಿಂಗಳು ಯಾವುದು?

ತೊಗರಿ ಜೂನ್, ಜುಲೈನಲ್ಲಿ ಬಿತ್ತಿ, ಡಿಸೆಂಬರ್, ಜನವರಿ ಹೊತ್ತಿಗೆ ಕಟಾವಿಗೆ ಬರುವ ಬೆಳೆ. ಹಾಗಾಗಿ ‘ಹಿಂದಿನ ತಿಂಗಳ ಮಳೆ’, ‘ಎರಡು ತಿಂಗಳ ಹಿಂದಿನ ಮಳೆ’ ಎಂಬ ಹೆಲ್ಪರ್ ಬೇಕೇ ಬೇಕು, ಅದೂ ವರ್ಷದ ಗಡಿ ದಾಟಿ ಬೇಕು. ಐ ಸಾಲಿನ ಸಂಖ್ಯೆ, ಜೆ ಕಾಲಂ ಸಂಖ್ಯೆ ಅಂದುಕೊಂಡರೆ ಬರೆಯುವುದು ಸುಲಭ: ಎಂ[ಐ, ಜೆ - 1]. ಜನವರಿಗೆ ಬಂದಾಗ ಜೆ 1, ಹಾಗಾಗಿ ಕೇಳುತ್ತಿರುವುದು ಎಂ[ಐ, 0].

ಬೇರೆ ಕೆಲವು ಭಾಷೆಗಳಲ್ಲಿ ಇಲ್ಲಿಗೆ ಎರರ್ ಬರುತ್ತಿತ್ತು. ಆರ್ ಸೊನ್ನೆಯನ್ನು ‘ಯಾವುದೂ ಬೇಡ’ ಅಂತ ಓದುತ್ತದೆ. ಖಾಲಿ ಉತ್ತರ ಕೊಡುತ್ತದೆ, ಸಮ್() ಹಾಕಿದರೆ 0. ‘ಡಿಸೆಂಬರ್‌ನಲ್ಲಿ ಮಳೆಯೇ ಇಲ್ಲ’ ಅಂತ ಟೇಬಲ್ ಹೇಳುತ್ತದೆ. ನಮ್ಮ ಕಡೆ ಡಿಸೆಂಬರ್‌ನಲ್ಲಿ ಮಳೆ ಕಡಿಮೆಯೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇದೇ ಈ ತಪ್ಪಿನ ಕೆಟ್ಟತನ.

ಎರಡು ತಿಂಗಳ ಹಿಂದಿನದು ಇನ್ನೂ ಕೆಟ್ಟದ್ದು. ಜೆ - 2 ಅಂದರೆ ಜನವರಿಗೆ -1. ಆರ್‌ನಲ್ಲಿ -1 ಅಂದರೆ ‘ಮೊದಲನೆಯದನ್ನು ಬಿಟ್ಟು ಉಳಿದದ್ದೆಲ್ಲ’. ಕಲಬುರಗಿ ತಾಲೂಕಿಗೆ, ಅಂದರೆ ನಾಲ್ಕನೇ ಸಾಲಿಗೆ, ವಿಳಾಸದ ಮ್ಯಾಟ್ರಿಕ್ಸ್ ಮೇಲೆ ಸಮ್() ತೆಗೆದರೆ 4477 ಬರುತ್ತದೆ. 402ರಿಂದ 412ರವರೆಗೆ ಹನ್ನೊಂದೂ ತಿಂಗಳು ಕೂಡಿದ ಮೊತ್ತ ಅದು. ಒಂದು ತಿಂಗಳ ಮಳೆ ಕೇಳಿದರೆ ಹೆಚ್ಚುಕಡಿಮೆ ಇಡೀ ವರ್ಷದ ಮಳೆ ಸಿಕ್ಕಿತು. ಆದ್ದರಿಂದ ಹೆಲ್ಪರ್ ಒಳಗೆ ಮೊದಲು ಇಂಡೆಕ್ಸ್ 1ಕ್ಕಿಂತ ಕಡಿಮೆ ಇದೆಯೇ ಅಂತ ನೋಡಿ. ಇದ್ದರೆ ಹಿಂದಿನ ವರ್ಷದ ಮ್ಯಾಟ್ರಿಕ್ಸ್‌ನಿಂದ ತೆಗೆಯಿರಿ. ಅದು ಇಲ್ಲದಿದ್ದರೆ ಎನ್‌ಎ ಕೊಡಿ, ಅದು ‘ಬೆಲೆ ಗೊತ್ತಿಲ್ಲ’ ಎಂಬ ಆರ್‌ನ ಗುರುತು. ಸೊನ್ನೆ ಮಳೆಯೂ ಗೊತ್ತಿಲ್ಲದ ಮಳೆಯೂ ಒಂದೇ ಅಲ್ಲ.

ಲ್ಯಾಗ್() ಬಳಸುವವರು ಇನ್ನೊಂದು ನೋಡಬೇಕು. ಆ ಹೆಸರಿನ ಫಂಕ್ಷನ್ ಎರಡಿವೆ. ಡಿಪ್ಲೈಆರ್ ಲೋಡ್ ಆಗಿದ್ದರೆ ಅದರ ಲ್ಯಾಗ್() ಬೆಲೆಗಳನ್ನು ಒಂದು ಹೆಜ್ಜೆ ಸರಿಸುತ್ತದೆ. ಲೋಡ್ ಮಾಡಲು ಮರೆತಿದ್ದರೆ ಆರ್ ಜೊತೆಗೇ ಬರುವ ಸ್ಟ್ಯಾಟ್ಸ್ ಪ್ಯಾಕೇಜಿನ ಲ್ಯಾಗ್() ಓಡುತ್ತದೆ. ಅದು ಬರೀ ಕಾಲದ ಗುರುತು ಬದಲಿಸುತ್ತದೆ, ಬೆಲೆಗಳು ಇದ್ದಲ್ಲೇ ಇರುತ್ತವೆ. ಎರಡು ಕೋಲನ್ ಹಾಕಿ ಪ್ಯಾಕೇಜಿನ ಹೆಸರು ಹಿಡಿದೇ ಕರೆಯಿರಿ.

ಗುಂಪಿನೊಳಗಿನ ನಂಬರ್, ಇಡೀ ಪಟ್ಟಿಯ ನಂಬರ್

ತಾಲೂಕುಗಳನ್ನು ಹಳೆಯವು, ಹೊಸವು ಅಂತ ಗುಂಪು ಮಾಡಿದೆವು ಅನ್ನಿ. ಹೊಸವು ನಾಲ್ಕು: ಕಮಲಾಪುರ, ಕಾಳಗಿ, ಯಡ್ರಾಮಿ, ಶಹಾಬಾದ್. ನಮ್ಮ ಪಟ್ಟಿಯಲ್ಲಿ ಅವುಗಳ ಸಾಲು 3, 5, 9, 10. ಹೊಸ ಗುಂಪಿನ ಒಳಗೆ ನಿಂತು ಡಿಪ್ಲೈಆರ್‌ನ ರೋ_ನಂಬರ್() ಕೇಳಿದರೆ 1, 2, 3, 4 ಅನ್ನುತ್ತದೆ. ಕರ್_ಗ್ರೂಪ್_ರೋಸ್() ಕೇಳಿದರೆ 3, 5, 9, 10 ಅನ್ನುತ್ತದೆ. ಎರಡೂ ನಿಜವೇ. ಆದರೆ ಮೊದಲನೆಯದನ್ನು ಹಿಡಿದು ಇಡೀ ಮ್ಯಾಟ್ರಿಕ್ಸ್‌ನಲ್ಲಿ ಹುಡುಕಿದರೆ ಸಿಗುವುದು ಅಫಜಲಪುರ, ಆಳಂದ, ಕಮಲಾಪುರ, ಕಲಬುರಗಿ. ಮ್ಯಾಟ್ರಿಕ್ಸ್‌ಸೆಟ್‌ನಲ್ಲಿ ಇದೇ ಜೋಡಿ ರೋ_ರೆಲ್_ಪೋಸ್() ಮತ್ತು ರೋ_ಪೋಸ್(). ಎನ್() ಕೂಡ ಗುಂಪಿನ ಒಳಗೆ 4 ಅನ್ನುತ್ತದೆ, 11 ಅಲ್ಲ. ಕೆಲಸ ಮುಗಿದ ಮೇಲೆ ಅನ್‌ಗ್ರೂಪ್() ಮಾಡದೆ ಬಿಟ್ಟರೆ ಹತ್ತು ಸಾಲು ಕೆಳಗೂ ಅದು ಗುಂಪಿನ ಲೆಕ್ಕವನ್ನೇ ಹೇಳುತ್ತಿರುತ್ತದೆ. ಇಂಥ ಹೆಲ್ಪರ್‌ಗಳನ್ನು ತಮ್ಮ ಜಾಗದ ಹೊರಗೆ ಕರೆದರೆ ಎರರ್ ಬರುತ್ತದೆ. ಅದು ಒಳ್ಳೆಯ ಸುದ್ದಿ, ಗಾಬರಿ ಬೇಡ.

ಹೆಸರು ಹೊಂದದೆ ಇರುವುದು

ಎರಡು ಮ್ಯಾಟ್ರಿಕ್ಸ್ ಕೂಡಿಸುವಾಗ ಆರ್ ಹೆಸರು ನೋಡುವುದಿಲ್ಲ, ಜಾಗ ನೋಡುತ್ತದೆ. ಒಂದು ಫೈಲ್ ಕನ್ನಡ ವರ್ಣಮಾಲೆಯಲ್ಲಿ, ಇನ್ನೊಂದು ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಇದ್ದರೆ ನಾಲ್ಕನೇ ಸಾಲು ಒಂದರಲ್ಲಿ ಕಲಬುರಗಿ, ಇನ್ನೊಂದರಲ್ಲಿ ಚಿತ್ತಾಪುರ. ಕೂಡಿದ ಮೇಲೆ ಮೊದಲ ಮ್ಯಾಟ್ರಿಕ್ಸ್‌ನ ಹೆಸರು ಉಳಿಯುತ್ತದೆ, ನೋಡಿದವರು ನಂಬುತ್ತಾರೆ. ಟ್ಯಾಪ್ಲೈ() ಮತ್ತು ರೋಸಮ್() ಕೂಡ ಉತ್ತರವನ್ನು ತಮ್ಮ ಕ್ರಮಕ್ಕೆ ವಿಂಗಡಿಸಿ ಕೊಡುತ್ತವೆ. ರೋಸಮ್() ಬೇರೆ, ರೋಸಮ್ಸ್() ಬೇರೆ. ಮೊದಲನೆಯದು ಗುಂಪುವಾರು ಮೊತ್ತ, ಎರಡನೆಯದು ಸಾಲಿನ ಮೊತ್ತ. ಯಾವಾಗಲೂ ಎರಡನೇ ಮ್ಯಾಟ್ರಿಕ್ಸ್ ಅನ್ನು ಮೊದಲನೆಯದರ ರೋನೇಮ್ಸ್() ಪ್ರಕಾರ ಜೋಡಿಸಿಕೊಂಡು ಆಮೇಲೆ ಕೂಡಿಸಿ.

ಹೆಸರು ಹಿಡಿದು ಜೋಡಿಸುವಾಗ ಕಾಗುಣಿತ ಕಾಡುತ್ತದೆ. 2014ರ ನವೆಂಬರ್‌ಗೆ ಮುಂಚಿನ ಫೈಲುಗಳಲ್ಲಿ ಗುಲ್ಬರ್ಗಾ ಅಂತ ಇರುತ್ತದೆ. ಕಲಬುರ್ಗಿ ಅಂತ ಬರೆಯುವವರೂ ಇದ್ದಾರೆ. ಸೇಡಂ, ಸೇಡಮ್, ಜೇವರ್ಗಿ, ಜೇವರಗಿ. 2009ರ ಡಿಸೆಂಬರ್‌ಗೆ ಮುಂಚಿನ ಅಂಕಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಕೂಡ ಇದೇ ಜಿಲ್ಲೆಯ ಸಾಲಿನಲ್ಲಿ ಬರುತ್ತವೆ. ಹಳೆ ಹೆಸರಿಗೆ ಹೊಸ ಹೆಸರು ಹೊಂದಿಸುವ ಪಟ್ಟಿಯೊಂದನ್ನು ಮಾಡಿಟ್ಟುಕೊಳ್ಳಿ.

ಹೆಸರು ನೋಡಲು ಒಂದೇ ಇದೆ, ಆದರೂ ‘ಸಬ್‌ಸ್ಕ್ರಿಪ್ಟ್ ಔಟ್ ಆಫ್ ಬೌಂಡ್ಸ್’ ಅನ್ನುತ್ತಿದೆಯಾ? ಶಹಾಬಾದ್ ಹೆಸರನ್ನು ಮೊದಲು ಪರೀಕ್ಷಿಸಿ. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಅಂಟಿಕೊಂಡಿರಬಹುದು. ‘ಶಹಾಬಾದ್‌ನ’ ಅಂತ ಟೈಪ್ ಮಾಡಿ ‘ನ’ ಅಳಿಸಿದರೆ ಅದು ಉಳಿದುಬಿಡುತ್ತದೆ. ಟ್ರಿಮ್‌ಡಬ್ಲ್ಯೂಎಸ್() ಸ್ಪೇಸ್ ತೆಗೆಯುತ್ತದೆ, ಇದನ್ನು ತೆಗೆಯುವುದಿಲ್ಲ. ಯುಟಿಎಫ್8ಟುಇಂಟ್() ಹಾಕಿ ನೋಡಿ. ಕೊನೆಗೆ 8204 ಅಥವಾ 8205 ಕಂಡರೆ ಕಳ್ಳ ಸಿಕ್ಕ.

ಅಂಕಿಯಲ್ಲೂ ಇಂಥದ್ದಿದೆ. ಕನ್ನಡ ಅಂಕಿಯಲ್ಲಿ ೧೦೦ ಅಂತ ಟೈಪ್ ಮಾಡಿದ್ದರೆ ಆಸ್.ನ್ಯೂಮೆರಿಕ್() ಅದನ್ನು ಎನ್‌ಎ ಮಾಡುತ್ತದೆ. ಒಂದು ಕೋಶದಲ್ಲಿ ‘ಇಲ್ಲ’ ಅಂತ ಬರೆದಿದ್ದರೂ ಆಸ್.ಮ್ಯಾಟ್ರಿಕ್ಸ್() ಇಡೀ ಮ್ಯಾಟ್ರಿಕ್ಸ್ ಅನ್ನು ಅಕ್ಷರ ಮಾಡಿಬಿಡುತ್ತದೆ. ಡೇಟಾ.ಮ್ಯಾಟ್ರಿಕ್ಸ್() ಇನ್ನೊಂದು ಬಗೆಯಲ್ಲಿ ಕೈಕೊಡುತ್ತದೆ: ತಾಲೂಕಿನ ಹೆಸರಿನ ಕಾಲಂ ಒಳಗೇ ಉಳಿದಿದ್ದರೆ ಹೆಸರುಗಳಿಗೆ 1, 2, 3 ಅಂತ ನಂಬರ್ ಕೊಟ್ಟು ಅದನ್ನೂ ಮಳೆ ಅನ್ನುವ ಹಾಗೆ ಇಡುತ್ತದೆ. ಸಾಲಿನ ಮೊತ್ತಕ್ಕೆ ಹೆಸರಿನ ನಂಬರೂ ಸೇರುತ್ತದೆ.

ಹಳೆ ಸ್ಕ್ರಿಪ್ಟ್ ಇದ್ದಕ್ಕಿದ್ದಂತೆ ನಿಂತರೆ

ಹಳೆಯ ಹೆಲ್ಪರ್‌ಗಳಲ್ಲಿ ‘ಕ್ಲಾಸ್(ಎಕ್ಸ್) == "ಮ್ಯಾಟ್ರಿಕ್ಸ್" ಆಗಿದ್ದರೆ’ ಎಂಬ ಪರೀಕ್ಷೆ ಇರುತ್ತದೆ, ಕ್ಲಾಸ್ ಅಂದರೆ ಆ ವಸ್ತುವಿನ ಬಗೆ. 2020ರಲ್ಲಿ ಬಂದ ಆರ್ 4.0.0ರಿಂದ ಮ್ಯಾಟ್ರಿಕ್ಸ್‌ಗೆ ಮ್ಯಾಟ್ರಿಕ್ಸ್, ಅರೇ ಎಂಬ ಎರಡು ಕ್ಲಾಸ್. 2022ರ 4.2.0ರಿಂದ ಇಫ್() ಒಳಗೆ ಎರಡು ಉತ್ತರ ಬಂದರೆ ಎರರ್. ಈಸ್.ಮ್ಯಾಟ್ರಿಕ್ಸ್(ಎಕ್ಸ್) ಹಾಕಿ, ಮುಗಿಯಿತು.

ಬೀದರ್ ಕೇಳಿದರೆ ಕಲಬುರಗಿ ಕೊಡುತ್ತಿದ್ದರೆ

ಹೆಲ್ಪರ್‌ಗೆ ಐ ಮಾತ್ರ ಕೊಟ್ಟು, ಒಳಗೆ ಸಮ್(ಎಂ[ಐ, ]) ಅಂತ ಬರೆದಿದ್ದರೆ ಆ ಎಂ ಎಲ್ಲಿಂದ ಬರುತ್ತದೆ? ಫಂಕ್ಷನ್ ಒಳಗೆ ಇಲ್ಲ. ಆರ್ ಅದನ್ನು ಫಂಕ್ಷನ್ ಹುಟ್ಟಿದ ಜಾಗದಲ್ಲಿ ಹುಡುಕುತ್ತದೆ, ಅಂದರೆ ಸಾಮಾನ್ಯವಾಗಿ ನಾವು ನೇರ ಮಾಡಿಕೊಂಡ ವಸ್ತುಗಳೆಲ್ಲ ಇರುವ ಗ್ಲೋಬಲ್ ಎನ್ವಿರಾನ್‌ಮೆಂಟ್‌ನಲ್ಲಿ. ಬೆಳಿಗ್ಗೆ ಲೋಡ್ ಮಾಡಿದ ಕಲಬುರಗಿಯ ಎಂ ಅಲ್ಲೇ ಇರುತ್ತದೆ. ಮಧ್ಯಾಹ್ನ ಬೀದರ್‌ನ 8 ತಾಲೂಕಿಗೆ ಓಡಿಸಿದರೆ ಕಲಬುರಗಿಯ ಮೊದಲ 8 ಸಾಲಿನ ಮೊತ್ತ ಬರುತ್ತದೆ. 11ಕ್ಕಿಂತ 8 ಕಡಿಮೆ ಆದ್ದರಿಂದ ಎರರ್ ಕೂಡ ಇಲ್ಲ. ಮೊದಲು ಬೀದರ್, ಆಮೇಲೆ ಕಲಬುರಗಿ ಓಡಿಸಿದ್ದರೆ ಒಂಬತ್ತನೇ ಸಾಲಿಗೆ ಎರರ್ ಬಂದು ಬಚಾವ್ ಆಗುತ್ತಿದ್ದಿರಿ.

ಪೇರೆಂಟ್.ಫ್ರೇಮ್() ಹಾಕಿ ‘ನನ್ನನ್ನು ಕರೆದವರ ಎಂ ತೆಗೆದುಕೋ’ ಅಂತ ಬರೆಯುವವರಿದ್ದಾರೆ. ಅದು ಜಾಣತನದ ದಾರಿ, ಆದರೆ ಭದ್ರವಲ್ಲ. ಫಾರ್ ಲೂಪ್‌ನಲ್ಲಿ ನೇರ ಕರೆದಾಗ ಕರೆದವರು ಒಬ್ಬರು, ಸ್ಯಾಪ್ಲೈ() ಮೂಲಕ ಕರೆದಾಗ ಇನ್ನೊಬ್ಬರು. ಮ್ಯಾಟ್ರಿಕ್ಸ್ ಅನ್ನೂ ಸಾಲಿನ ಹೆಸರನ್ನೂ ಆರ್ಗ್ಯುಮೆಂಟ್ ಆಗಿಯೇ ಕೊಡಿ. ನಾಲ್ಕು ಅಕ್ಷರ ಜಾಸ್ತಿ ಟೈಪ್ ಮಾಡಬೇಕಾಗುತ್ತದೆ, ಅಷ್ಟೇ.

ಹೊರಗಿನಿಂದ ಏನೇನು ಕದ್ದು ನೋಡುತ್ತಿದೆ ಅಂತ ತಿಳಿಯಲು ಕೋಡ್‌ಟೂಲ್ಸ್ ಪ್ಯಾಕೇಜಿನ ಫೈಂಡ್‌ಗ್ಲೋಬಲ್ಸ್() ಓಡಿಸಿ. ಆ ಪಟ್ಟಿಯಲ್ಲಿ ಎಂ ಕಂಡರೆ ಅಲ್ಲೇ ದೋಷ. ಆರ್ ಮುಚ್ಚುವಾಗ ವರ್ಕ್‌ಸ್ಪೇಸ್ ಉಳಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಉಳಿಸಿದ್ದರೆ ನಿನ್ನೆಯ ಎಂ ಇವತ್ತೂ ಎದ್ದು ಬರುತ್ತದೆ. ಪರೀಕ್ಷೆ ಮಾಡುವಾಗ ಆರ್ ಅನ್ನು ಉಳಿಸಿದ್ದೇನನ್ನೂ ಲೋಡ್ ಮಾಡದ ವೆನಿಲಾ ಆಯ್ಕೆಯೊಂದಿಗೆ ಶುರು ಮಾಡಿ. ಆಮೇಲೆ ಹೆಲ್ಪರ್‌ನ ಮೊದಲ ಸಾಲಿಗೆ ಸ್ಟಾಪ್‌ಇಫ್‌ನಾಟ್() ಹಾಕಿ: ಬಂದದ್ದು ಮ್ಯಾಟ್ರಿಕ್ಸ್ ಹೌದೇ, ಒಳಗಿರುವುದು ಸಂಖ್ಯೆಯೇ, ಸಾಲಿಗೆ ಹೆಸರಿದೆಯೇ, ಹೆಸರು ಎರಡೆರಡು ಸಲ ಇಲ್ಲ ತಾನೇ. ಕಲಬುರಗಿಯ 11 ಸಾಲಿನ ಮೇಲೆ ಸರಿ ಬಂದದ್ದನ್ನು ಬೀದರ್‌ನ 8, ಯಾದಗಿರಿಯ 6 ಸಾಲಿನ ಮೇಲೂ ಓಡಿಸಿ ನೋಡಿ, ಆಮೇಲೆ ನಿಜವಾದ ಮಳೆ ಅಂಕಿ ಹಾಕಿ.